ಲೋಟದ ಅಳತೆ ಗ್ರಾಂಗೆ ಬಂದಾಗ ಮೈಸೂರು ಪಾಕ್ ಕೆಟ್ಟಿದ್ದೇಕೆ?

ಪ್ರಶ್ನೆ: ನಮ್ಮತ್ತೆ ಹೇಳಿಕೊಟ್ಟ ಮೈಸೂರು ಪಾಕ್ ಅಳತೆ ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ನಮ್ಮ ಲೋಟಕ್ಕೆ 250 ಮಿ.ಲೀ. ನೀರು ಹಿಡಿಯುತ್ತದೆ. ಹೊಸ ತಕ್ಕಡಿ ತಂದಿದ್ದೆ, ಹಾಗಾಗಿ 250 ಗ್ರಾಂ ಹಿಟ್ಟು, 500 ಗ್ರಾಂ ಸಕ್ಕರೆ, 500 ಗ್ರಾಂ ತುಪ್ಪ ತೂಗಿ ಹಾಕಿದೆ. ಗೂಡು ಬರಲೇ ಇಲ್ಲ, ಹಿಟ್ಟು ಹಿಟ್ಟಾಗಿ ಉದುರುತ್ತದೆ, ಸಿಹಿಯೂ ಸಾಲದು. ದೋಸೆಗೆ ಅಕ್ಕಿ, ಉದ್ದನ್ನು ಹೀಗೇ ತೂಗಿ ನೆನೆಸುತ್ತೇನೆ, ಯಾವತ್ತೂ ತೊಂದರೆ ಆಗಿಲ್ಲ. ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಪಾಕದಲ್ಲೂ ತಪ್ಪಿಲ್ಲ. 250 ಮಿ.ಲೀ. ಅಂದರೆ 250 ಗ್ರಾಂ ಅನ್ನುವ ಲೆಕ್ಕ ನೀರಿಗೆ ಸರಿ, ಹಾಲಿಗೂ ಹೆಚ್ಚು ಕಡಿಮೆ ಸರಿ. ಹಿಟ್ಟಿಗೆ ಅದು ನಡೆಯುವುದೇ ಇಲ್ಲ.

ಜರಡಿ ಹಿಡಿದ ಕಡಲೆಹಿಟ್ಟನ್ನು ನಿಮ್ಮ ಲೋಟಕ್ಕೆ ತುಂಬಿ ತೂಗಿ ನೋಡಿ, 110 ಗ್ರಾಂ ಆಸುಪಾಸು ಇರುತ್ತದೆ. ಅದೇ ಲೋಟ ಸಕ್ಕರೆ ಸುಮಾರು 210 ಗ್ರಾಂ, ಕರಗಿದ ತುಪ್ಪ ಸುಮಾರು 230 ಗ್ರಾಂ. ಅಂದರೆ ನೀವು ಹಾಕಿದ 250 ಗ್ರಾಂ ಹಿಟ್ಟು ಒಂದು ಲೋಟವಲ್ಲ, ಎರಡೂಕಾಲು ಲೋಟ! ಸಕ್ಕರೆ ಮತ್ತು ತುಪ್ಪವೂ ಅಷ್ಟಷ್ಟೇ ಲೋಟ ಬಿದ್ದಿವೆ. ಅತ್ತೆಯವರ ಒಂದಕ್ಕೆ ಎರಡು, ಎರಡು ಅನ್ನುವ ಅಳತೆ ನಿಮ್ಮ ಬಾಣಲೆಯಲ್ಲಿ ಸಮಸಮ ಆಗಿಹೋಗಿದೆ. ಅಷ್ಟು ಹಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಸಕ್ಕರೆ, ಒಂದು ಕೆಜಿ ತುಪ್ಪ ಬೇಕಿತ್ತು. ಮೈಸೂರು ಪಾಕ್‌ಗೆ ಗೂಡು ಬರುವುದು ಕಾದ ತುಪ್ಪ ಹಿಟ್ಟಿನೊಳಗೆ ಭುಸುಭುಸು ನೊರೆಯೆದ್ದಾಗ, ತುಪ್ಪವೇ ಸಾಲದಿದ್ದರೆ ನೊರೆ ಎಲ್ಲಿಂದ ಬರಬೇಕು?

ದೋಸೆ ಯಾಕೆ ಕೆಡಲಿಲ್ಲ ಅನ್ನುವುದು ಒಳ್ಳೆಯ ಪ್ರಶ್ನೆ. ಅಕ್ಕಿ, ಉದ್ದಿನಬೇಳೆ ಎರಡೂ ಗಟ್ಟಿ ಕಾಳುಗಳು, ಲೋಟಕ್ಕೆ ಎರಡೂ 200 ಗ್ರಾಂ ಹತ್ತಿರ ತೂಗುತ್ತವೆ. ನಾಲ್ಕಕ್ಕೆ ಒಂದು ಅಂತ ಪಾವಿನಲ್ಲಿ ಅಳೆದರೂ, ಗ್ರಾಂನಲ್ಲಿ ತೂಗಿದರೂ ಪ್ರಮಾಣ ಬದಲಾಗುವುದಿಲ್ಲ. ಅಕ್ಕಿ ಬೇಳೆ ತೂಗಿ ರೂಢಿಯಾದ ಕೈ ಹಿಟ್ಟಿನ ಹತ್ತಿರ ಬಂದಾಗಲೇ ಮೋಸ ಹೋಗುವುದು. ತೆಳು ಅವಲಕ್ಕಿ, ಮೈದಾ, ತೆಂಗಿನ ತುರಿ ಇವೂ ಹಾಗೇ, ಜಾಗ ಜಾಸ್ತಿ ಹಿಡಿಯುತ್ತವೆ, ತೂಕ ಕಡಿಮೆ. ನಿಮ್ಮ ಲೋಟದಲ್ಲಿ ಮೈದಾ 125ರಿಂದ 130 ಗ್ರಾಂ ಬರಬಹುದು, ಅದೂ ಅದುಮದೆ ತುಂಬಿದರೆ ಮಾತ್ರ. ಡಬ್ಬಿಯೊಳಗೆ ಲೋಟ ಮುಳುಗಿಸಿ ಬಾಚಿಕೊಂಡರೆ ಸುಲಭವಾಗಿ 20-30 ಗ್ರಾಂ ಜಾಸ್ತಿ ಬೀಳುತ್ತದೆ, ಕೇಕ್ ಗಟ್ಟಿಯಾಗಲು ಅಷ್ಟು ಸಾಕು. ಜರಡಿ ಹಿಡಿದು, ಚಮಚದಿಂದ ಸುಮ್ನೆ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ ತೆಗೆಯಿರಿ.

ಎಣ್ಣೆ, ತುಪ್ಪದ ಲೆಕ್ಕ ಬೇಕಿದ್ದರೆ ಅಂಗಡಿಯ ಎಣ್ಣೆ ಪ್ಯಾಕೆಟ್ ನೋಡಿ, ಒಂದು ಲೀಟರ್ ಜೊತೆಗೆ 910 ಗ್ರಾಂ ಅಂತಲೂ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ತುಪ್ಪವನ್ನು ಕರಗಿಸಿಯೇ ಅಳೆಯಿರಿ. ಗಟ್ಟಿ ತುಪ್ಪದ ನಡುವೆ ಗಾಳಿ ಉಳಿದುಬಿಡುತ್ತದೆ.

ಇಂಟರ್ನೆಟ್‌ನಲ್ಲಿ ಸಿಗುವ ಕಪ್-ಗ್ರಾಂ ಪಟ್ಟಿ ನೋಡಿ ಅಳೆಯುವುದಕ್ಕಿಂತ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ. ಅಮೆರಿಕದ ಕಪ್ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದ್ದು 250, ನಮ್ಮ ಮನೆಗಳ ಪಾವು, ಲೋಟಗಳಂತೂ ಒಂದೊಂದು ಒಂದೊಂದು ಥರ. ತಕ್ಕಡಿ ಮೇಲೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿ.ಲೀ. ಆಮೇಲೆ ಲೋಟ ಚೆನ್ನಾಗಿ ಒರೆಸಿ ಹಿಟ್ಟು, ಸಕ್ಕರೆ, ರವೆ ಒಂದೊಂದಾಗಿ ತೂಗಿ ಬರೆದು, ಅಡುಗೆಮನೆ ಬಾಗಿಲಿಗೆ ಅಂಟಿಸಿ. ಅತ್ತೆಯವರು ಅಳೆಯುವ ಲೋಟವೇ ಸಿಕ್ಕರೆ ಇನ್ನೂ ಒಳ್ಳೆಯದು, ಅವರ ರುಚಿ ಅದರ ಅಳತೆಯಲ್ಲೇ ಇದೆ ಅಲ್ವಾ.

ಅಡುಗೆ ಸೋಡಾ, ಏಲಕ್ಕಿ ಪುಡಿ ಇಂಥವನ್ನು ಮಾತ್ರ ತೂಗಲು ಹೋಗಬೇಡಿ. ಮನೆ ತಕ್ಕಡಿಗಳಲ್ಲಿ ಹೆಚ್ಚಿನವು ಒಂದು ಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸುವುದಿಲ್ಲ. ಅದಕ್ಕೆ 5 ಮಿ.ಲೀ. ಅಳತೆ ಚಮಚವೇ ಸರಿ.