ಚಕ್ಕುಲಿ ಒತ್ತಬೇಡಿ, ಸುತ್ತಿ

ನಮಸ್ಕಾರ. ನೀವು ಕಳಿಸಿದ ಚೌತಿ ಕಾದಂಬರಿಯನ್ನು ಎರಡು ರಾತ್ರಿ ಕೂತು ಓದಿದೆ. ಬೆಂಗಳೂರಿನಲ್ಲಿ ಆಫೀಸೇ ಲೋಕ ಎಂದುಕೊಂಡ ಮಗ ಶಿರಸಿ ಹತ್ತಿರದ ಊರಿಗೆ ಬಂದು, ಹಬ್ಬದ ನಾಲ್ಕು ದಿನದಲ್ಲಿ ಮನೆಯವರತ್ತ ತಿರುಗುವ ಕಥೆ. ಭಾಷೆ ಚೆನ್ನಾಗಿದೆ. ಮಳೆಯೂ ಚೆನ್ನಾಗಿ ಬಂದಿದೆ. ಆದರೆ ಏಳನೇ ಅಧ್ಯಾಯ ಓದಿ ಸಿಟ್ಟು ಬಂತು.

'ಆಯಿ ಒಬ್ಬಳೇ ಕೂತು ಚಕ್ಕುಲಿ ಒತ್ತುತ್ತಿದ್ದಳು' ಎಂದು ಬರೆದಿದ್ದೀರಿ. ಒಬ್ಬಳೇ ಯಾಕೆ? ಒತ್ತುವುದು ಯಾಕೆ? ನಮ್ಮ ಕಡೆ ಚೌತಿಗೆ ಮುಂಚೆ ಚಕ್ಕುಲಿ ಕಂಬಳ ನಡೆಯುತ್ತದೆ. (ಕೋಣ ಓಡಿಸುವ ಕಂಬಳ ಅಲ್ಲ ಮಾರಾಯ್ರೆ!) ಅಕ್ಕಪಕ್ಕದ ಮನೆಯವರೆಲ್ಲ ಸೇರುತ್ತಾರೆ, ಗಂಡಸರೂ ಕೂರುತ್ತಾರೆ. ಅಕ್ಕಿಹಿಟ್ಟು, ಉದ್ದಿನಹಿಟ್ಟು ಸೇರಿಸಿ ಗಟ್ಟಿಯಾಗಿ ನಾದಿ, ಬೆರಳಲ್ಲೇ ಎಳೆಯನ್ನು ಹುರಿ ಮಾಡುತ್ತಾ ಸುತ್ತಬೇಕು.

ಮುಂದಿನ ಸಾಲು: 'ಫೋನ್ ರಿಂಗಾಯಿತು. ಅವನು ಯೋಚಿಸಿ ಎತ್ತಲಿಲ್ಲ.' ಏನು ಯೋಚಿಸಿದ? ಅವನನ್ನು ಕಂಬಳಕ್ಕೆ ಕೂರಿಸಿ. ಕೈ ತುಂಬ ಹಿಟ್ಟು. ಎರಡನೇ ಸುತ್ತಿಗೇ ಎಳೆ ತುಂಡಾಗುತ್ತಿದೆ. ಪಕ್ಕದ ಮನೆ ಅಜ್ಜ ನೋಡಿ ನಗುತ್ತಿದ್ದಾನೆ. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇದೆ. ಹೇಗೆ ಎತ್ತುತ್ತಾನೆ ಹೇಳಿ?

ಆಮೇಲೆ ಆಯಿಯದ್ದು ಎರಡು ಪುಟದ ಭಾಷಣ. 'ದುಡ್ಡು ನಾಳೆಯೂ ಬರುತ್ತದೆ, ಈ ಕ್ಷಣ ಬರುವುದಿಲ್ಲ ಮಗನೇ.' ಯಾವ ಆಯಿ ಹೀಗೆ ಮಾತಾಡುತ್ತಾಳೆ? 'ತಮಾ, ಊಟ ಆತಾ?' ಅಂತಾಳೆ, ಅಷ್ಟೇ.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ದೀಪಾವಳಿ ವಿಶೇಷಾಂಕದ ಪ್ರೂಫು ಬರುತ್ತಿದ್ದದ್ದು ಸರಿಯಾಗಿ ಚೌತಿ ಹೊತ್ತಿಗೆ. ಮೂರು ವರ್ಷ ಊರಿಗೆ ಹೋಗಲಿಲ್ಲ. ಹಬ್ಬದಲ್ಲಿ ಎಲ್ಲರೂ ಒಂದಾಗುವ ಕಥೆಗಳಲ್ಲಿ ಕಾಗುಣಿತ ತಿದ್ದುತ್ತಾ ಕೂತಿದ್ದೆ! ಆಯಿ ಬೈಯಲಿಲ್ಲ. ಬಸ್ಸಿನ ಕಂಡಕ್ಟರ್ ಕೈಲಿ ಚಕ್ಕುಲಿ ಡಬ್ಬಿ ಕಳಿಸಿದಳು. ಅರ್ಧ ಪುಡಿಯಾಗಿತ್ತು. ಆ ಪುಡಿಯನ್ನು ಮೊಸರನ್ನಕ್ಕೆ ಹಾಕಿಕೊಂಡು ತಿಂದೆ. ಮರುವರ್ಷ ರಜೆ ಕೇಳಿದೆ. ಅದೇ ವಾರ ಕಥೆಯೊಂದನ್ನೂ ಬರೆದೆ. ಅದರಲ್ಲಿ ನಿಮ್ಮ ಹಾಗೇ ಒಂದು ಭಾಷಣ ಇತ್ತು. ಹಿರಿಯ ಉಪಸಂಪಾದಕರು ಕೆಂಪು ಪೆನ್ನಲ್ಲಿ ಪೂರ್ತಿ ಗೀಟು ಎಳೆದು, 'ಡಬ್ಬಿ ಎಲ್ಲಿ?' ಎಂದು ಬದಿಯಲ್ಲಿ ಬರೆದಿದ್ದರು.

ಉಳಿದ ಅಧ್ಯಾಯಗಳ ಮಾತು ಈಗ ಬೇಡ. ಏಳನೆಯದನ್ನು ಮತ್ತೆ ಬರೆದು ಕಳಿಸಿ. ಅದಕ್ಕೂ ಮೊದಲು ಒಂದು ಕಂಬಳಕ್ಕೆ ಹೋಗಿ ಹತ್ತು ಚಕ್ಕುಲಿ ಸುತ್ತಿ ಬನ್ನಿ.