ಸೊಲ್ಲಾಪುರ, ಸಾಂಗಲಿ ಕಡೆ ಊಟದ ಜೊತೆಗೆ ಸಾವಿರ ರೂಪಾಯಿಯೊಳಗಿನ ಒಳ್ಳೆಯ ರೆಡ್ ವೈನ್ ಯಾವುದು?

ಸೊಲ್ಲಾಪುರದಲ್ಲಿ ನೆಲೆಸಿರುವ ತಾವು, ರಾತ್ರಿಯ ಊಟದೊಂದಿಗೆ ಒಂದು ಲೋಟ ಕುಡಿಯಲು ತಕ್ಕುದಾದ, ಬಾಟಲಿಗೆ ಸಾವಿರ ರೂಪಾಯಿ ಮೀರದ ರೆಡ್ ವೈನ್ ಯಾವುದು, ಅಂಗಡಿಯಲ್ಲಿ ಇಷ್ಟೊಂದು ಹೆಸರುಗಳಿರುವಾಗ ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದವನು. ನಮ್ಮದು ದ್ರಾಕ್ಷಿ ಬೆಳೆಯುವ ಮನೆತನ, ವೈನಿನ ಆಸಕ್ತಿ ಅದರ ಹಿಂದೆಯೇ ಬಂದದ್ದು. ಈ ಭಾಗದ ಅಂಗಡಿಗಳಲ್ಲಿ ಏನು ಸಿಗುತ್ತದೆ, ಅದು ನಮ್ಮ ಊಟಕ್ಕೆ ಹೇಗೆ ಹೊಂದುತ್ತದೆ ಎಂಬುದನ್ನು ನೋಡುತ್ತಲೇ ಬಂದಿರುವ ನನ್ನ ಖಚಿತ ಅಭಿಪ್ರಾಯ ಇದು: ನಮ್ಮ ಕಡೆಯ ಬಿಸಿಲಿನಲ್ಲಿ ಬಾಟಲಿಯ ಮೇಲಿನ ಹೆಸರಿಗಿಂತ, ಆ ಬಾಟಲಿ ಎಲ್ಲಿ, ಎಷ್ಟು ಕಾಲ ನಿಂತಿತ್ತು ಎಂಬುದೇ ರುಚಿಯನ್ನು ತೀರ್ಮಾನಿಸುತ್ತದೆ. ಆದ್ದರಿಂದ ಹತ್ತಿರದಲ್ಲಿ ತಯಾರಾದ, ಹೊಸದಾದ, ಸಿಹಿಯಿಲ್ಲದ, ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸುವ ಖರ್ಚು ಸೇರದ ವೈನನ್ನು, ಮಾಲು ಬೇಗ ಖಾಲಿಯಾಗುವ ಅಂಗಡಿಯಿಂದ ಕೊಳ್ಳಿರಿ.

ಮೊದಲು ಒಂದು ಗೊಂದಲವನ್ನು ಬಗೆಹರಿಸಬೇಕು. ನಮ್ಮ ಊರುಗಳ ವೈನ್ ಶಾಪಿಗೆ ಹೋಗಿ 'ರೆಡ್ ವೈನ್ ಕೊಡಿ' ಎಂದರೆ ಎಷ್ಟೋ ಸಲ ಕೈಗೆ ಬರುವುದು ಪೋರ್ಟ್ ಎಂದು ಬರೆದಿರುವ ಅಗ್ಗದ ಸಿಹಿ ವೈನ್. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು. ಅಲ್ಲಿ ಹುದುಗುತ್ತಿರುವ ರಸಕ್ಕೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸುತ್ತಾರೆ. ಅದರಿಂದ ಹಣ್ಣಿನ ಸಕ್ಕರೆ ಅಲ್ಲಿಯೇ ಉಳಿಯುತ್ತದೆ, ಮದ್ಯಸಾರ ಶೇಕಡಾ 19ರಿಂದ 20ರಷ್ಟಕ್ಕೆ ಏರುತ್ತದೆ. ನಮ್ಮಲ್ಲಿ ಅದೇ ಹೆಸರಿನಲ್ಲಿ ಮಾರುವ ಸಿಹಿ ವೈನಿಗೂ ಅದಕ್ಕೂ ಸಂಬಂಧ ಕಡಿಮೆ. ಸಿಹಿಯನ್ನೇ ಇಷ್ಟಪಡುವವರು ಅದನ್ನು ಕುಡಿಯಲಿ, ಆಕ್ಷೇಪವಿಲ್ಲ. ಆದರೆ ರೊಟ್ಟಿ ಪಲ್ಯದ ಜೊತೆ ಅದು ಹೊಂದುವುದಿಲ್ಲ, ಎರಡನೆಯ ಗುಟುಕಿಗೇ ಬಾಯಿ ಕಟ್ಟುತ್ತದೆ. ತಾವು ಕೇಳಬೇಕಾದದ್ದು 'ಡ್ರೈ', ಅಂದರೆ ಸಿಹಿಯಿಲ್ಲದ ರೆಡ್ ವೈನ್. ಲೇಬಲ್ಲಿನ ಮೇಲೆ ಶಿರಾಜ್, ಕ್ಯಾಬರ್ನೆ, ಮೆರ್ಲೊ, ಸಾಂಜೊವೇಸೆ ಎಂದು ದ್ರಾಕ್ಷಿಯ ತಳಿಯ ಹೆಸರು ಇದ್ದರೆ ಬಹುಮಟ್ಟಿಗೆ ಅದು ತಾವು ಹುಡುಕುತ್ತಿರುವ ಬಗೆಯೇ.

ಈಗ ಅಂಗಡಿಯ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42 ಡಿಗ್ರಿ ದಾಟುವುದು ತಮಗೆ ಗೊತ್ತೇ ಇದೆ. ವೈನನ್ನು ಕೂಡಿಡಲು ಹದವಾದ ಉಷ್ಣತೆ 12ರಿಂದ 15 ಡಿಗ್ರಿ. 25 ಡಿಗ್ರಿ ಮೀರಿದ ಜಾಗದಲ್ಲಿ ವಾರಗಟ್ಟಲೆ ಇದ್ದರೆ ಅದು ಅಕಾಲದಲ್ಲಿ ಮುಪ್ಪಾಗುತ್ತದೆ, ಇನ್ನೂ ಹೆಚ್ಚಿನ ಬಿಸಿಯಲ್ಲಿ ಬೆಂದಂತೆಯೇ ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ವ್ಯಾಪಾರ ನಡೆಯುವುದು ವ್ಹಿಸ್ಕಿ ಮತ್ತು ಬಿಯರಿನದು. ಬಿಯರಿಗೆ ಫ್ರಿಜ್ ಇರುತ್ತದೆ, ವೈನ್ ಬಾಟಲಿಗಳು ಮಾತ್ರ ಮೇಲಿನ ಹಲಗೆಯ ಮೇಲೆ, ಟ್ಯೂಬ್‌ಲೈಟಿನ ಮಗ್ಗುಲಲ್ಲಿ, ಧೂಳು ಹಿಡಿದು ನಿಂತಿರುತ್ತವೆ. ಹಾಗೆ ಒಂದು ಬೇಸಿಗೆ ಕಳೆದ ಬಾಟಲಿಯನ್ನು ತೆರೆದರೆ ಹಣ್ಣಿನ ವಾಸನೆಯ ಬದಲು, ಬೇದಾಣಾ (ಒಣದ್ರಾಕ್ಷಿ) ಒಣಗಿಸುವ ಶೆಡ್ಡಿನೊಳಗೆ ಮಧ್ಯಾಹ್ನ ಕಾಲಿಟ್ಟಾಗ ಬರುವಂಥ ದಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬಣ್ಣವೂ ಅಂಚಿನಲ್ಲಿ ಇಟ್ಟಿಗೆಯ ಕಂದಿಗೆ ತಿರುಗಿರುತ್ತದೆ. ಎರಡು ಸಾವಿರದ ವೈನೂ ಹಾಗಾದ ಮೇಲೆ ಕೆಲಸಕ್ಕೆ ಬಾರದು.

ಆದ್ದರಿಂದ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿಯೇ ಹಣ ಕೊಡಬೇಕು. ಕತ್ತಿನವರೆಗೆ ವೈನ್ ಇರಬೇಕು. ಮಟ್ಟ ಭುಜಕ್ಕೆ ಇಳಿದಿದ್ದರೆ ಬಿರಡೆಯ ಪಕ್ಕದಿಂದ ಸೋರಿದೆ ಎಂದೇ ತಿಳಿಯಬೇಕು. ಬಿರಡೆಯ ಮೇಲಿನ ಕವಚವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ: ಅದು ಸಮತಟ್ಟಾಗಿರಬೇಕು. ಬಿಸಿಗೆ ವೈನ್ ಹಿಗ್ಗಿದಾಗ ಬಿರಡೆ ಮೇಲಕ್ಕೆ ಉಬ್ಬುತ್ತದೆ, ಕವಚದ ಅಂಚಿನಲ್ಲಿ ಜಿಗುಟಾದ ಕೆಂಪು ಗೆರೆ ಒಣಗಿರುತ್ತದೆ. ಇವುಗಳಲ್ಲಿ ಯಾವುದೊಂದು ಕಂಡರೂ ಆ ಬಾಟಲಿಯನ್ನು ಹಿಂದಕ್ಕೆ ಕೊಡಿ. ತಿರುಗಿಸಿ ತೆಗೆಯುವ ಮುಚ್ಚಳ ಇರುವ ಬಾಟಲಿಯನ್ನು ಕೀಳೆಂದು ಕಾಣುವವರಿದ್ದಾರೆ. ದಿನಬಳಕೆಯ ವೈನಿಗೆ ನಾನು ಅದನ್ನೇ ಮೆಚ್ಚುತ್ತೇನೆ, ಏಕೆಂದರೆ ಬಿರಡೆಯ ದೋಷದಿಂದ ಬರುವ ಮುಗ್ಗಲು ವಾಸನೆಯ ಭಯ ಅದರಲ್ಲಿಲ್ಲ, ಅರ್ಧ ಕುಡಿದಿಟ್ಟಾಗ ಮತ್ತೆ ಮುಚ್ಚುವುದಕ್ಕೂ ಸುಲಭ. ಹಲಗೆಯ ಮೇಲಿನದನ್ನು ಬಿಟ್ಟು ಒಳಗಿನ ಪೆಟ್ಟಿಗೆಯಿಂದ ಒಂದು ತೆಗೆದುಕೊಡಿ ಎಂದು ಕೇಳಲು ಸಂಕೋಚ ಪಡಬೇಡಿ. ಎರಡು ಮೂರು ಸಲ ಹೋದ ಮೇಲೆ ಅಂಗಡಿಯವರೇ ಹೊಸ ಮಾಲು ಬಂದದ್ದನ್ನು ತಿಳಿಸುತ್ತಾರೆ. ಮನೆಯಲ್ಲಿ ಕೂಡಿಡುವ ಮನಸ್ಸಿದ್ದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಕೊಳ್ಳಿ. ಬೇಸಿಗೆಯಲ್ಲಿ ಆ ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ಲೇಬಲ್ಲಿನ ಮೇಲಿರುವ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಮಹಾರಾಷ್ಟ್ರದಲ್ಲಿ ಅಕ್ಟೋಬರಿನ ಸುಮಾರಿಗೆ ಚಾಟಣಿ ಮಾಡಿದ, ಅಂದರೆ ಕೊಂಬೆ ಸವರಿದ ಬಳ್ಳಿಯ ಹಣ್ಣು ಜನವರಿಯಿಂದ ಮಾರ್ಚಿನೊಳಗೆ ಕೊಯ್ಲಿಗೆ ಬರುತ್ತದೆ. ಈ ಬೆಲೆಯ ವೈನುಗಳನ್ನು ಬೇಗ ಕುಡಿಯಲೆಂದೇ ಮಾಡಿರುತ್ತಾರೆ. ಕೊಯ್ಲಿನಿಂದ ಎರಡು, ಹೆಚ್ಚೆಂದರೆ ಮೂರು ವರ್ಷದೊಳಗೆ ಅವು ಚೆನ್ನಾಗಿರುತ್ತವೆ. ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಹುಳಿ, ಒಗರು ಎರಡೂ ದಂಡಿಯಾಗಿರುವ, ತಂಪಿನಲ್ಲಿ ಕೂಡಿಟ್ಟ ಕೆಲವೇ ವೈನುಗಳಿಗೆ ಸಲ್ಲುತ್ತದೆ.

ಹೆಸರುಗಳಿಗೆ ಬರುತ್ತೇನೆ. ತಮ್ಮ ಜಿಲ್ಲೆಯ ಅಕಲೂಜಿನಲ್ಲಿಯೇ ಫ್ರಾಟೆಲ್ಲಿಯ ತೋಟ ಮತ್ತು ವೈನರಿ ಇವೆ. ಇಟಲಿಯ ಸೆಕ್ಕಿ ಸಹೋದರರು, ಅಕಲೂಜಿನ ಮೋಹಿತೆ ಪಾಟೀಲ ಸಹೋದರರು ಹಾಗೂ ದಿಲ್ಲಿಯ ಸೇಖ್ರಿ ಸಹೋದರರು ಕೂಡಿ ಕಟ್ಟಿದ ಸಂಸ್ಥೆ ಅದು. ವೈನ್ ತಯಾರಿಕೆಯ ಹೊಣೆ ಹೊತ್ತವರು ಟಸ್ಕನಿಯ ಪಿಯೆರೊ ಮಾಸಿ. ಅವರ ನಾಡಿನ ಮುಖ್ಯ ತಳಿಯಾದ ಸಾಂಜೊವೇಸೆಯನ್ನು ಭೀಮೆ, ನೀರೆಗಳ ಸೀಮೆಗೆ ತಂದು ನೆಟ್ಟರು. ನನಗೆ ಅತಿ ಮೆಚ್ಚುಗೆಯಾದದ್ದು ಆ ಸಾಂಜೊವೇಸೆಯೇ: ಬಣ್ಣ ತೆಳು, ಹುಳಿ ಚುರುಕು, ಒಗರು ಹದವಾಗಿರುವುದರಿಂದ ಊಟದೊಂದಿಗೆ ದಣಿವಾಗುವುದಿಲ್ಲ. ಅದು ಸಿಗದಿದ್ದರೆ ಅವರದೇ ಶಿರಾಜ್ ಆಗಬಹುದು. ಅವರ ಸೆಟ್ಟೆ ಎಂಬ ರೆಡ್ ವೈನ್ ಪ್ರಸಿದ್ಧವಾದರೂ ತಮ್ಮ ಬೆಲೆಯ ಮಿತಿಗೆ ಸೇರಿದ್ದಲ್ಲ. ನಾಶಿಕದ ಸುಲಾ ಎಲ್ಲ ಕಡೆ ಸಿಗುತ್ತದೆ, ಬೇಗ ಖರ್ಚಾಗುತ್ತದೆ. ಅದೇ ಅದರ ದೊಡ್ಡ ಗುಣ, ಏಕೆಂದರೆ ಕೈಗೆ ಬರುವ ಬಾಟಲಿ ಹೊಸದಾಗಿರುವ ಸಂಭವ ಹೆಚ್ಚು. ಅವರ ಶಿರಾಜ್ ಕ್ಯಾಬರ್ನೆ ಮಿಶ್ರಣ ದಿನಬಳಕೆಗೆ ಸಾಕು. ಹಗುರವಾದದ್ದು ಬೇಕೆಂದರೆ ಜಿನ್‌ಫ್ಯಾಂಡೆಲ್ ನೋಡಿ. ಕರ್ನಾಟಕದ ಕಡೆಯಿಂದ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ಸೆರಗಿನಲ್ಲಿ ಬಳ್ಳಿ ನೆಟ್ಟ ಗ್ರೋವರ್ ಅವರದು ಹಳೆಯ ವೈನ್ ಕಂಪನಿ. ಅವರ ಕ್ಯಾಬರ್ನೆ ಶಿರಾಜ್ ನಂಬಿಕೆಗೆ ಅರ್ಹವಾದದ್ದು, ಲಾ ರಿಸರ್ವ್ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ತಳಿಗಳ ಮಟ್ಟಿಗೆ ಹೇಳುವುದಾದರೆ, ನಮ್ಮ ಹವೆಯಲ್ಲಿ ಶಿರಾಜ್ ಮಾಗುವಷ್ಟು ಸಲೀಸಾಗಿ ಕ್ಯಾಬರ್ನೆ ಮಾಗುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಅಗ್ಗದ ಕ್ಯಾಬರ್ನೆಯಲ್ಲಿ ಹಸಿ ದೊಣ್ಣಮೆಣಸಿನಕಾಯಿಯ ವಾಸನೆ ಉಳಿಯುವುದುಂಟು, ಆದ್ದರಿಂದ ಬರೀ ಕ್ಯಾಬರ್ನೆಗಿಂತ ಶಿರಾಜ್ ಬೆರೆತದ್ದು ಮೇಲು.

ವಿದೇಶದ ವೈನನ್ನು ಈ ಬೆಲೆಯಲ್ಲಿ ಹುಡುಕಬೇಡಿ. ಆಮದಿನ ಮೂಲ ಸುಂಕ ಬಹುಕಾಲ ಶೇಕಡಾ 150 ಇದ್ದದ್ದು. ಆಸ್ಟ್ರೇಲಿಯಾದೊಂದಿಗೆ ಆದ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ, ಬಂದರಿಗೆ ತಲುಪುವ ಬೆಲೆ ಬಾಟಲಿಗೆ 5ರಿಂದ 15 ಅಮೆರಿಕನ್ ಡಾಲರಿನೊಳಗಿರುವ ವೈನಿಗೆ ಅದು ಶೇಕಡಾ 100ಕ್ಕೆ ಇಳಿದು, ಮುಂದೆ ಹಂತ ಹಂತವಾಗಿ ಕಡಿಮೆಯಾಗುವಂತೆ ನಿಗದಿಯಾಯಿತು. 5 ಡಾಲರಿಗಿಂತ ಅಗ್ಗದ ವೈನಿಗೆ ಆ ರಿಯಾಯಿತಿ ಇಲ್ಲ. ಅಂದರೆ ಇಲ್ಲಿ ಸಾವಿರದೈನೂರಕ್ಕೆ ಮಾರುವ ಹೊರದೇಶದ ಬಾಟಲಿ ತನ್ನ ನಾಡಿನಲ್ಲಿ ತೀರ ಸಾಧಾರಣ ದರ್ಜೆಯದಾಗಿರುತ್ತದೆ, ಮೇಲಾಗಿ ಹಡಗು, ಗೋದಾಮು, ಲಾರಿಗಳ ಬಿಸಿಯನ್ನೆಲ್ಲ ಉಂಡು ಬಂದಿರುತ್ತದೆ.

ಓಕ್ ಪೀಪಾಯಿಯನ್ನು ಏಕೆ ಬೇಡವೆಂದೆ ಎಂಬುದಕ್ಕೂ ಲೆಕ್ಕವಿದೆ. ಒಂದು ಫ್ರೆಂಚ್ ಪೀಪಾಯಿ ಹಿಡಿಯುವುದು 225 ಲೀಟರ್, ಅಂದರೆ 300 ಬಾಟಲಿ. ಹೊಸ ಪೀಪಾಯಿಗೆ ಹತ್ತಾರು ಸಾವಿರ ರೂಪಾಯಿ ಬೀಳುವುದರಿಂದ, ನಾಲ್ಕಾರು ಕೊಯ್ಲಿಗೆ ಅದನ್ನೇ ಬಳಸಿದರೂ ಆ ಹೊರೆ ಬಾಟಲಿಯ ಮೇಲೆ ಬೀಳಲೇಬೇಕು. ಐದಾರು ನೂರರ ಬಾಟಲಿಯಲ್ಲಿ ಓಕಿನ ಗಾಢ ಪರಿಮಳವಿದೆಯೆಂದರೆ ಅದು ಬಹುತೇಕ ಮರದ ಚಕ್ಕೆ ನೆನೆಸಿ ಬರಿಸಿದ್ದಾಗಿರುತ್ತದೆ. ಅದಕ್ಕಿಂತ ಹಣ್ಣಿನ ರುಚಿಯೊಂದನ್ನೇ ನೆಚ್ಚಿಕೊಂಡ ವೈನ್ ಲೇಸು.

ನಮ್ಮ ಊರಿನ ಹಿರಿಯರು ಕೇಳುವ ಪ್ರಶ್ನೆಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಇಷ್ಟು ದ್ರಾಕ್ಷಿ ಬೆಳೆಯುವ ನಾವು ಥಾಮ್ಸನ್, ಸೋನಾಕಾ ಎಂಬ ತಿನ್ನುವ ಬಿಳಿ ದ್ರಾಕ್ಷಿಗಳಿಂದಲೇ ಅಗ್ಗದ ವೈನ್ ಮಾಡಬಾರದೇಕೆ? ರೆಡ್ ವೈನಿನ ಬಣ್ಣ, ಒಗರು ಬರುವುದು ಕಪ್ಪು ಹಣ್ಣಿನ ಸಿಪ್ಪೆಯಿಂದ. ಸಿಪ್ಪೆಯೊಂದಿಗೇ ರಸವನ್ನು ಹುದುಗಿಸುತ್ತಾರೆ. ತಿನ್ನುವ ದ್ರಾಕ್ಷಿಯನ್ನು ನಾವು ಜಿ.ಎ. (ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಔಷಧಿ) ದ್ರಾವಣದಲ್ಲಿ ಅದ್ದಿ ಕಾಳು ದಪ್ಪ ಮಾಡುತ್ತೇವೆ, ಸಿಪ್ಪೆ ತೆಳ್ಳಗಿರಲಿ ಎಂದು ಬಯಸುತ್ತೇವೆ. ವೈನ್ ತಳಿಗೆ ಬೇಕಾದದ್ದು ಇದರ ತದ್ವಿರುದ್ಧ: ಸಣ್ಣ ಕಾಳು, ದಪ್ಪ ಸಿಪ್ಪೆ, 22ರಿಂದ 24 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಶೇಕಡಾವಾರು ಅಳತೆ) ಸಕ್ಕರೆ, ಎಕರೆಗೆ ಕಡಿಮೆ ಇಳುವರಿ. 2008ರ ನಂತರ ಬೇಡಿಕೆ ಕುಸಿದಾಗ ಮಹಾರಾಷ್ಟ್ರದಲ್ಲಿ ಅನೇಕ ರೈತರು ವೈನ್ ತಳಿಯ ಬಳ್ಳಿಗಳನ್ನು ಕಿತ್ತುಹಾಕಬೇಕಾಯಿತು. ಒಳ್ಳೆಯ ಸ್ಥಳೀಯ ವೈನಿಗೆ ಗಿರಾಕಿ ಇದ್ದರೆ ಮಾತ್ರ ರೈತ ಮತ್ತೆ ಅದನ್ನು ನೆಟ್ಟಾನು. ಅಕಲೂಜಿನ ಬಾಟಲಿಯನ್ನು ಕೊಳ್ಳುವಾಗ ನನಗೆ ಆಗುವ ಸಂತೋಷಕ್ಕೆ ಈ ಕಾರಣವೂ ಸೇರಿದೆ.

ಊಟದ ವಿಚಾರದಲ್ಲಿ ಖಾರ ಮುಖ್ಯ. ಮೆಣಸಿನಕಾಯಿಯ ಉರಿ ಮದ್ಯಸಾರದ ಉರಿಯನ್ನೂ ಒಗರನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದ ಖಾರದ ಮಟನ್ ರಸ್ಸಾದ ಜೊತೆ ಶೇಕಡಾ 14ರ ಗಡಸು ವೈನಿಗಿಂತ 12, 13ರ ಹಗುರ ವೈನ್ ಹಿತ. ಸೊಲ್ಲಾಪುರದ ಶೇಂಗಾ ಚಟ್ನಿ ಈ ಮಟ್ಟಿಗೆ ನಮ್ಮ ಭಾಗ್ಯ: ಶೇಂಗಾದ ಎಣ್ಣೆ ಮತ್ತು ಪ್ರೋಟೀನು ಒಗರನ್ನು ಹೀರಿಕೊಂಡು ವೈನನ್ನು ನುಣುಪಾಗಿಸುತ್ತವೆ. ಕಡಕ್ ರೊಟ್ಟಿ, ಎಣ್ಣೆಗಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ, ಪಕ್ಕದಲ್ಲಿ ಸಾಂಜೊವೇಸೆ ಇದ್ದರೆ ನನಗೆ ಬೇರೇನೂ ಬೇಡ. ಒಂದು ಎಚ್ಚರ ಮಾತ್ರ ಬೇಕು. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಂಪು ಕೋಣೆಗಳಿಗೆ ಸೇರಿದ್ದು, ಅದರ ಅರ್ಥ 16ರಿಂದ 18 ಡಿಗ್ರಿ. ನಮ್ಮ ಕೋಣೆ ಬೇಸಿಗೆಯಲ್ಲಿ 35 ಡಿಗ್ರಿ ಇರುತ್ತದೆ. ಊಟಕ್ಕೆ ಸುಮಾರು ಎರಡು ಗಂಟೆ ಮೊದಲು ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ. ಇದೊಂದನ್ನು ಮಾಡಿದರೆ ಸಾಧಾರಣ ವೈನೂ ಗುರುತು ಸಿಗದಷ್ಟು ಸುಧಾರಿಸುತ್ತದೆ.

750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಲೋಟಗಳಿವೆ. ಒಂದೇ ರಾತ್ರಿ ಮುಗಿಸಬೇಕಾಗಿಲ್ಲ. ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ದಿನಬಳಕೆಯ ವೈನ್ ಎಂಬುದನ್ನು ಸಾದಾ ಊಟಕ್ಕೆ ಒಪ್ಪುವ ವೈನ್ ಎಂದೇ ನಾನು ತೆಗೆದುಕೊಂಡಿದ್ದೇನೆ, ಪ್ರತಿದಿನ ಕುಡಿಯಿರಿ ಎಂದು ಹೇಳುತ್ತಿಲ್ಲ. ಮದ್ಯಸಾರಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹೃದಯಕ್ಕೆ ಒಳ್ಳೆಯದೆಂದು ಯಾರಾದರೂ ಹೇಳಿದ್ದಕ್ಕಾಗಿ ಶುರು ಮಾಡುತ್ತಿದ್ದರೆ ದಯವಿಟ್ಟು ಬೇಡ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನಡೆದಿದ್ದರೆ ಮೊದಲು ವೈದ್ಯರನ್ನು ಕೇಳಿ.

ಕಡೆಯದಾಗಿ ಗಡಿಯ ವಿಷಯ. ವಿಜಯಪುರಕ್ಕೋ ಕಲಬುರಗಿಗೋ ಹೋಗಿಬರುವಾಗ ಅಲ್ಲಿಂದ ಬಾಟಲಿ ತರುವ ಆಸೆ ಸಹಜ. ಆದರೆ ಅಬಕಾರಿ ಕಾನೂನು ಆಯಾ ರಾಜ್ಯದ್ದು, ಲೇಬಲ್ಲಿನ ಮೇಲೂ ಯಾವ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ. ಮಹಾರಾಷ್ಟ್ರದಲ್ಲಿ ಮದ್ಯ ಕೊಳ್ಳಲು, ಕುಡಿಯಲು ಪರವಾನಗಿ ಬೇಕೆಂಬ ನಿಯಮವೂ ಇದೆ. ಅಬಕಾರಿ ಇಲಾಖೆ ಅದನ್ನು ವಾರ್ಷಿಕವಾಗಿಯೂ ಆಜೀವವಾಗಿಯೂ ಕೊಡುತ್ತದೆ, ಒಮ್ಮೆ ಮಾಡಿಸಿಕೊಂಡರೆ ನಿಶ್ಚಿಂತೆ. ಇಲ್ಲಿಯೇ ಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ಬಾಟಲಿ ಕೆಟ್ಟಿದ್ದರೆ ಬದಲಿಸಿಕೊಡಿ ಎಂದು ಕೇಳಲು ಆ ಬಿಲ್ಲೇ ಆಧಾರ.