ತೋಟದ ಮನೆಯಿಂದ ಹಲ್ಲಿನ ಡಾಕ್ಟರ್ ದೂರ. ಹಲ್ಲು ಕಿತ್ತು ಬಂದರೆ, ರಾತ್ರಿ ನೋವು ಶುರುವಾದರೆ ಅಲ್ಲಿಯವರೆಗೆ ಏನು ಮಾಡಬೇಕು?

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಿಂದ ಚಿಕ್ಕಮಗಳೂರಿಗೋ ಹಾಸನಕ್ಕೋ ಬರುವಷ್ಟರಲ್ಲಿ ಒಂದು ಗಂಟೆ ಸಲೀಸಾಗಿ ಕಳೆಯುತ್ತದೆ. ಪೆಟ್ಟು ಬಿದ್ದು ಹಲ್ಲು ಬುಡಸಮೇತ ಕಿತ್ತು ಬಂದಾಗ ಆ ಒಂದು ಗಂಟೆಯೇ ಮುಖ್ಯ.

ಹಲ್ಲನ್ನು ಬಿಳಿ ಭಾಗದಲ್ಲಷ್ಟೇ ಹಿಡಿಯಿರಿ. ಬೇರು ಮುಟ್ಟಬೇಡಿ, ಉಜ್ಜಬೇಡಿ. ಅದರ ಮೇಲಿನ ತೆಳು ಪದರ ಜೀವಂತ ಇದ್ದರೇನೇ ಹಲ್ಲು ಮತ್ತೆ ಚೆನ್ನಾಗಿ ಕೂರುವುದು. ಮಣ್ಣಾಗಿದ್ದರೆ ಹಾಲಿನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ನಲ್ಲಿ ನೀರಲ್ಲಿ 10 ಸೆಕೆಂಡ್ ಸಾಕು. ಧೈರ್ಯ ಇದ್ದರೆ ಹಿಂದು ಮುಂದು ನೋಡಿಕೊಂಡು ಅದೇ ಜಾಗದಲ್ಲಿ ಕೂರಿಸಿ, ಮಡಚಿದ ಬಟ್ಟೆ ಕಚ್ಚಿಕೊಳ್ಳಿ. ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ಸುಮ್ನೆ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರೆ ಒಣಗಿ ಹಾಳಾಗುತ್ತದೆ. ಮಕ್ಕಳ ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬೇಡಿ, ಒಳಗಿರುವ ಹೊಸ ಹಲ್ಲಿಗೆ ಪೆಟ್ಟಾಗಬಹುದು.

ಬರೀ ನೋವಾದರೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ವಯಸ್ಸಿಗೆ ತಕ್ಕಷ್ಟು ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಲವಂಗದೆಣ್ಣೆ ಹತ್ತಿಯಲ್ಲಿ ಒಂದು ತೊಟ್ಟು ಸಾಕು, ಜಾಸ್ತಿಯಾದರೆ ಒಸಡು ಸುಡುತ್ತದೆ. ಮಾತ್ರೆಯನ್ನೇ ಒಸಡಿಗೆ ಒತ್ತಿಟ್ಟುಕೊಳ್ಳುವವರೂ ಇದ್ದಾರೆ, ಅಲ್ವಾ? ಆಸ್ಪಿರಿನ್ ಹಾಗೆ ಇಟ್ಟರೆ ಅಲ್ಲೇ ಹುಣ್ಣಾಗುತ್ತದೆ. ಕೆನ್ನೆ ಊದಿದ್ದರೆ ಬಿಸಿ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹೊರಗಿನಿಂದ ಇಡಿ.

ಊತ ಕಣ್ಣಿಗೋ ಕತ್ತಿಗೋ ಹಬ್ಬಿದರೆ, ಉಸಿರಾಡಲು, ನುಂಗಲು ಕಷ್ಟವಾದರೆ ಬೆಳಗಾಗಿ ಕ್ಲಿನಿಕ್ ತೆರೆಯಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ.